ಮಿಕ್ಕ ಬೆಲ್ಲ

ಲಕ್ಷ್ಮೀದೇವಮ್ಮ ಎರಡನೆಯ ಹೆಂಡತಿಯಾಗಿ ಆ ಮನೆಯ ಹೊಸಿಲು ದಾಟಿದ ದಿನ ಅವಳ ಕಿವಿಗೆ ಬಿದ್ದ ಮೊದಲ ಮಾತು, "ಮೊದ್ಲು ಮಗೂಗೆ ಬಡಿಸವ್ವ" ಎಂಬುದು. ಹೇಳಿದವಳು ತೀರಿಕೊಂಡ ಮೊದಲ ಹೆಂಡತಿಯ ತಾಯಿ ಪಿಳ್ಳಮ್ಮ. ಮಗಳು ಬಾಳಿದ ಮನೆಗೆ ಇನ್ನೊಬ್ಬಳು ಬರುವುದನ್ನು ನೋಡಲು ಆ ಮುದುಕಿ ಎರಡು ಹರದಾರಿ ದೂರದಿಂದ ಗಾಡಿ ಕಟ್ಟಿಸಿಕೊಂಡು ಬಂದಿದ್ದಳು. ಅಳಲಿಲ್ಲ, ಜಗಳವಾಡಲಿಲ್ಲ, ಆ ಒಂದು ಮಾತು ಹೇಳಿ ಕಂಬಕ್ಕೆ ಒರಗಿ ಕುಳಿತಳು. ಮಗು ಎಂದರೆ ಆರು ವರ್ಷದ ಮುನಿಗಂಗಮ್ಮ. ಎಲ್ಲರೂ ಗಂಗಿ ಎನ್ನುತ್ತಿದ್ದರು. ಆಗ ಅವಳ ಪಕ್ಕೆಲುಬು ಎಣಿಸಬಹುದಿತ್ತು.

ಹೊಸಕೋಟೆ ಕಡೆಯಿಂದ ಕುಂದಾಣದ ಪಕ್ಕದ ಆ ಹಳ್ಳಿಗೆ ಬಂದ ಲಕ್ಷ್ಮೀದೇವಮ್ಮನಿಗೆ ಹತ್ತೊಂಬತ್ತು ವಯಸ್ಸು. ಅಂದು ಅವಳು ಬಡಿಸಿದಳು. ಮುಂದೆ ಎಂಟು ವರ್ಷ ಬಡಿಸುತ್ತಲೇ ಇದ್ದಳು. ಮುದ್ದೆಯ ಮೇಲೆ ಬೆಣ್ಣೆ, ಅನ್ನದ ಮೇಲೆ ತುಪ್ಪ, ಮಲಗುವಾಗ ಬೆಲ್ಲ ಹಾಕಿದ ಹಾಲು. ಹೆತ್ತವಳಾಗಿದ್ದರೆ "ಸಾಕು ಏಳೇ" ಎಂದು ಗದರಿ ಎಬ್ಬಿಸಬಹುದಾಗಿದ್ದ ಕಡೆ ಅವಳು ಇನ್ನೊಂದು ಸೌಟು ಹಾಕುತ್ತಿದ್ದಳು. ಗದರುವ ಆ ಸಲಿಗೆ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಊರಿನ ಹೆಂಗಸರು ಒಲೆಗೆ ಕೆಂಡ ಕೇಳಲು ಬಂದರೂ ಮೊರ ಕೇಳಲು ಬಂದರೂ ಅವರ ಕಣ್ಣು ಮೊದಲು ಹೋಗುತ್ತಿದ್ದದ್ದು ಗಂಗಿಯ ತಟ್ಟೆಯ ಕಡೆಗೆ. ಅವರೂ ಸುಮ್ಮನಿರುತ್ತಿರಲಿಲ್ಲ. ತಾಯಿಯಿಲ್ಲದ ಕೂಸು ಬೀದಿಯಲ್ಲಿ ಹಾದುಹೋದರೆ ಈ ಮನೆಯವರು ಕರೆದು ಕಜ್ಜಾಯ ಕೊಡುವರು, ಆ ಮನೆಯವರು ಮಡಿಲಿಗೆ ಹುರಿಗಾಳು ಸುರಿಯುವರು. ಅಜ್ಜಿಯ ಊರಿನಿಂದ ಹದಿನೈದು ದಿನಕ್ಕೊಮ್ಮೆ ಬೆಣ್ಣೆಯ ಮಡಕೆ ಬರುತ್ತಿತ್ತು. ಊರಿನ ಮರುಕ, ಚಿಕ್ಕಮ್ಮನ ಅಂಜಿಕೆ, ಎರಡೂ ಸೇರಿ ಗಂಗಿಯ ಮೈಮೇಲೆ ಕೂತವು.

ಹದಿನಾಲ್ಕು ತುಂಬುವ ಹೊತ್ತಿಗೆ ಅವಳು ಕೂತಲ್ಲಿಂದ ಏಳಬೇಕಾದರೆ ಗೋಡೆ ಹಿಡಿಯಬೇಕಾಗಿತ್ತು. ಬಾವಿಯಿಂದ ಒಂದು ಬಿಂದಿಗೆ ನೀರು ತಂದರೆ ಹೊಸಿಲಲ್ಲೇ ಕೂತು ಏದುಸಿರು ಬಿಡುತ್ತಿದ್ದಳು. ಆಗ ಲಡಾಯಿ ನಡೆಯುತ್ತಿತ್ತು. ಬೆಳೆದ ರಾಗಿಯಲ್ಲಿ ಸರ್ಕಾರಕ್ಕೆ ಲೆವಿ ಅಳೆಯಬೇಕಿತ್ತು. ಯಾರು ಎಷ್ಟು ಬಚ್ಚಿಟ್ಟಿದ್ದಾರೆಂದು ನೋಡಲು ಅಧಿಕಾರಿಗಳು ಮನೆಮನೆಯ ಕಣಜ ತೆರೆಸುತ್ತಿದ್ದರು. ಊರಿನ ಹುಡುಗರು ಗಂಗಿಗೆ ಕಣಜ ಎಂದೇ ಹೆಸರಿಟ್ಟರು.

"ಲೇ, ಲೆವಿ ಸಾಯೇಬ್ರು ಬತ್ತಾವ್ರೆ ಕಣ್ರೋ! ಕಣಜನ ಬಚ್ಚಿಡ್ರೋ!"

ಮೊದಮೊದಲು ಗಂಗಿಯೂ ಅವರೊಡನೆ ನಗುತ್ತಿದ್ದಳು. ಆಮೇಲೆ ಬೀದಿಗೆ ಹೋಗುವುದನ್ನೇ ಬಿಟ್ಟಳು.

ಅವಳನ್ನು ದೊಡ್ಡಬಳ್ಳಾಪುರಕ್ಕೆ, ಅಲ್ಲಿನ ಆಸ್ಪತ್ರೆಗೆ ಬರುತ್ತಿದ್ದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಬೇರೆ ಕಾರಣಕ್ಕೆ. ಹಿಂದಿನ ವರ್ಷ ದೊಡ್ಡವಳಾದ ಗಂಗಿ ಎರಡು ಸಲ ಹೊರಗಾದ ಮೇಲೆ ಅದು ನಿಂತೇಹೋಗಿತ್ತು. ಡಾಕ್ಟರಮ್ಮ ಕಣ್ಣು ನೋಡಿದರು, ಕಾಲು ಒತ್ತಿ ನೋಡಿದರು, ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿ ತೂಕ ನೋಡಿದರು.

"ರೋಗ ಏನೂ ಇಲ್ಲ. ವಯಸ್ಸಿಗೆ ಮೀರಿದ ತೂಕ. ಅದು ಇಳಿದರೆ ಉಳಿದದ್ದೂ ಸರಿಹೋಗಬಹುದು."

"ಔಸ್ತಿ ಏನ್ ಕೊಡ್ತೀರಮ್ಮಾ?" ಎಂದಳು ಲಕ್ಷ್ಮೀದೇವಮ್ಮ.

"ಇದಕ್ಕೆ ಔಷಧಿ ಇಲ್ಲ. ಬೆಣ್ಣೆ, ಬೆಲ್ಲ, ಎಣ್ಣೇಲಿ ಕರಿದದ್ದು, ಹೊತ್ತಲ್ಲದ ಹೊತ್ತಿನಲ್ಲಿ ಬಾಯಾಡಿಸೋದು, ಇವನ್ನ ಬಿಡಿಸಿ. ಮೂರು ಹೊತ್ತೂ ಊಟ ಇರಲಿ. ಮುದ್ದೆ, ಸೊಪ್ಪು, ಕಾಳು, ನೀರುಮಜ್ಜಿಗೆ. ದಿನಾ ನಡೀಲಿ." ಡಾಕ್ಟರಮ್ಮ ಕೈ ತೊಳೆಯಲು ಎದ್ದವರು ತಿರುಗಿ ನಿಂತರು. "ಉಪವಾಸ ಮಾತ್ರ ಕೆಡವಬೇಡಿ. ಬೆಳೆಯೋ ಹುಡುಗಿ. ಹಸಿದು ಇಳಿದರೆ ರಕ್ತ ಒಣಗುತ್ತೆ. ನಿಧಾನವಾಗಿ ಇಳೀಲಿ, ವರ್ಷವೇ ಹಿಡೀಲಿ."

ಗಾಡಿಯಲ್ಲಿ ಹಿಂತಿರುಗುವಾಗ ಗಂಡ ಅಪ್ಪಯ್ಯಣ್ಣ ಎತ್ತಿನ ಬೆನ್ನು ನೋಡುತ್ತಲೇ, "ನೀನೇ ನೋಡ್ಕೋ. ನಂಗೇನ್ ತಿಳೀತದೆ" ಎಂದ. ಅವನು ಕೆಟ್ಟವನಲ್ಲ. ಮನೆಯೊಳಗಿನ ಯಾವ ವಿಷಯಕ್ಕೂ ಅವನದು ಅದೇ ಮಾತು.

"ಚಿಕ್ಕಮ್ಮ, ನಾನು ಸಾಯ್ತೀನಾ?" ಎಂದಳು ಗಂಗಿ.

"ಬಿಡ್ತು ಅನ್ನು! ಯಾಕ್ ಸಾಯ್ತೀಯೆ? ಮೈ ಹಗುರ ಮಾಡ್ಕೋಬೇಕು, ಅಷ್ಟೆ."

"ಹಗುರ ಆದ್ರೆ ಕಣಜ ಅನ್ನಲ್ವಾ?"

"ಅನ್ನಲ್ಲ."

ಲಕ್ಷ್ಮೀದೇವಮ್ಮ ಹೇಳಿಯೇನೋ ಬಿಟ್ಟಳು. ಇಷ್ಟು ವರ್ಷ ನೀಡಿ ನೀಡಿ ಹೇಗೋ ಬದುಕಿದ್ದ ಕೈ ಇನ್ನು ತಡೆಯಬೇಕಾಗಿತ್ತು.

ಮಾರನೆಯ ದಿನದಿಂದ ಬೆಣ್ಣೆಯ ಮಡಕೆ ನೆಲುವಿನಿಂದ ಇಳಿಯಲಿಲ್ಲ. ಗಂಗಿಯೊಬ್ಬಳಿಗೇ ಇಲ್ಲವೆಂದು ಆಗಬಾರದೆಂದು ಲಕ್ಷ್ಮೀದೇವಮ್ಮ ತನ್ನ ಮುದ್ದೆಗೂ ಬೆಣ್ಣೆ ಬಿಟ್ಟಳು. ಹುರುಳಿಯ ಬಸ್ಸಾರು, ಅಣ್ಣೆಸೊಪ್ಪು, ಕೀರೆಸೊಪ್ಪು, ಅವರೆಕಾಳು ಬಂದಾಗ ಅವರೆಕಾಳು, ಹೀಗೆ ಹೊಟ್ಟೆ ತುಂಬುವಂತೆ ಅಡಿಗೆ ಮಾಡಿದಳು. ನಡಿಗೆಯದು ದೊಡ್ಡ ತೊಡಕಾಯಿತು. ನೆರೆದ ಹುಡುಗಿ ಕೆಲಸವಿಲ್ಲದೆ ದಾರಿಯಲ್ಲಿ ನಡೆದಾಡುವುದೆಂದರೇನು? ಕೊನೆಗೆ ಒಂದು ಕೆಲಸ ಹುಡುಕಿದಳು. ಕೆರೆಯಾಚೆ ಅವರ ಕಬ್ಬಿನ ತೋಟ. ಅಲ್ಲಿನ ಆಳುಗಳಿಗೆ ಹೊತ್ತಿನ ಹಿಟ್ಟು ಒಯ್ಯುವ ಕೆಲಸವನ್ನು ಜೀತದವನಿಂದ ಬಿಡಿಸಿ ಗಂಗಿಯ ತಲೆಯ ಮೇಲೆ ಮಂಕರಿ ಇಟ್ಟಳು. ತಾನು ಮಜ್ಜಿಗೆಯ ಮಡಕೆ ಹಿಡಿದು ಜೊತೆಗೆ ಹೊರಟಳು.

ಮೊದಲ ವಾರ ಗಂಗಿ ಕೆರೆ ಏರಿಯ ಮೇಲೆ ಮೂರು ಕಡೆ ಕೂತಳು. ಒಮ್ಮೆ ಅತ್ತೇಬಿಟ್ಟಳು. ಬರಬರುತ್ತ ಕೂರುವುದು ಕಡಿಮೆಯಾಗಿ ಮಾತು ಹೆಚ್ಚಾಯಿತು. ಮನೆಯಲ್ಲಿ ಎಂಟು ವರ್ಷ ಒಂದೇ ಸೂರಿನಡಿ ಇದ್ದರೂ ಇಬ್ಬರೂ ಅಷ್ಟು ಮಾತಾಡಿರಲಿಲ್ಲ.

"ಚಿಕ್ಕಮ್ಮ, ಅವರೆಕಾಯಿಗೆ ನಿಮ್ಮೂರ ತೆಲುಗಲ್ಲಿ ಏನಂತಾರೆ, ಇನ್ನೊಂದ್ಸಲ ಹೇಳು."

"ಚಿಕ್ಕುಡ್ಕಾಯಿ."

"ಚಿಕ್ಕುಡ್ಕಾಯಿ!" ಗಂಗಿ ಮಂಕರಿ ಅಲ್ಲಾಡುವಷ್ಟು ನಕ್ಕಳು. "ಚಿಕ್ಕ ಹುಡುಗ್ರ ಕಾಯಿ ಇದ್ದಂಗೈತೆ."

"ನಗು, ನಗು. ಹಿಟ್ಟು ಚೆಲ್ಲಿದ್ರೆ ಆಳುಗಳು ನಿನ್ನನ್ನೇ ತಿಂದ್ಹಾಕ್ತಾರೆ."

"ತಿನ್ಲಿ ಬಿಡು, ಇನ್ನೂ ಬೇಕಾದಷ್ಟು ಐತೆ."

ಆ ದಾರಿಯಲ್ಲಿ ಲಕ್ಷ್ಮೀದೇವಮ್ಮನಿಗೆ ತಾನು ಎರಡನೆಯವಳೆಂಬುದು ಮರೆಯುತ್ತಿತ್ತು. ಊರ ಬಾಗಿಲು ಬರುವ ತನಕ ಮಾತ್ರ.

ಊರು ಬೇರೆಯೇ ನೋಡುತ್ತಿತ್ತು. ಆ ಸೀಮೆಯಲ್ಲಿ ಮೈ ಇಳಿಯಿತು ಎಂದರೆ ಕಾಯಿಲೆ, ಇಲ್ಲವೇ ಕೊರಗು, ಇಲ್ಲವೇ ಹಸಿವು. ಒಳ್ಳೆಯದಕ್ಕಾಗಿ ಇಳಿಯಿತು ಎನ್ನಲು ಜನರ ಬಾಯಲ್ಲಿ ಮಾತೇ ಇರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಪಕ್ಕದ ಮನೆಯ ದ್ಯಾವಮ್ಮ ಹಗ್ಗ ಎಳೆಯುತ್ತ ಕೇಳಿದಳು:

"ಏನಮ್ಮ, ಗಂಗಿ ಹಿಂಗ್ ಇಳ್ದೋಗವ್ಳೆ? ನಿಮ್ಮನೇಲೂ ರೇಷನ್ನಾ?"

"ಡಾಕ್ಟ್ರಮ್ಮ ಹೇಳವ್ರೆ ಕಣಮ್ಮ. ಬೆಣ್ಣೆ ಬೇಡ ಅಂತ."

"ತಿನ್ಬೇಡ ಅನ್ನೋ ಡಾಕ್ಟ್ರು! ಯಾವೂರೋಳವ್ವಾ ಅವ್ಳು?" ದ್ಯಾವಮ್ಮ ಉಳಿದವರ ಮುಖ ನೋಡಿದಳು. "ಆಳಿನ ಕೆಲ್ಸಾನೂ ಡಾಕ್ಟ್ರೇ ಹೇಳಿದ್ರಾ, ಮಂಕರಿ ಹೊರೋದು?"

ಎಲ್ಲರೂ ನಕ್ಕರು. ಲಕ್ಷ್ಮೀದೇವಮ್ಮ ಬಿಂದಿಗೆ ತುಂಬುವ ಮೊದಲೇ ಎತ್ತಿಕೊಂಡು ಬಂದಳು.

ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಗಂಗಿ ಹಿತ್ತಿಲ ಬಾಗಿಲಲ್ಲಿ ನಿಂತು, "ಚಿಕ್ಕಮ್ಮ, ಹೊರಗಾದೆ" ಎಂದಳು. ಲಕ್ಷ್ಮೀದೇವಮ್ಮನ ಕೈಯಲ್ಲಿದ್ದ ಒನಕೆ ಹಾಗೇ ನಿಂತಿತು. ಒಂದು ವರ್ಷದ ಮೇಲೆ ಬಂದ ಸಂತೋಷ. ಯಾರಿಗೆ ಹೇಳುವುದು? ಗಂಡನಿಗೆ ಹೇಳುವಂಥದ್ದಲ್ಲ. ಬಾವಿಕಟ್ಟೆಯವರಿಗೆ ಹೇಳಿದರೆ ಅವರು ನಂಬುವುದಿಲ್ಲ. ತವರು ದೂರ. ಗಂಗಿಗೆ ಜಗುಲಿಯ ಮೂಲೆಯಲ್ಲಿ ಚಾಪೆ ಹಾಸಿಕೊಟ್ಟು, ಒಳಗೆ ಬಂದು, ಮತ್ತೆ ಭತ್ತ ಕುಟ್ಟಿದಳು.

ಪಿಳ್ಳಮ್ಮ ಬಂದದ್ದು ದೀಪಾವಳಿಯ ಹೊತ್ತಿಗೆ. ದ್ಯಾವಮ್ಮ ಹೇಳಿಕಳಿಸಿದ್ದಳೆಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಮೊಮ್ಮಗಳ ತೋಳು ಹಿಡಿದು ನೋಡಿದಳು, ಕೆನ್ನೆ ಸವರಿ ನೋಡಿದಳು, ಆಮೇಲೆ ಅಟ್ಟದ ಕಡೆ ಕತ್ತೆತ್ತಿದಳು.

ಅಟ್ಟದ ಮೇಲೆ ಬೆಲ್ಲವಿತ್ತು. ಅದು ಗಂಗಿಯ ಹೆತ್ತ ತಾಯಿಯ ಹರಕೆ. ಎರಡು ವರ್ಷದ ಗಂಗಿಗೆ ವಿಷಮಜ್ವರ ಬಂದು ಕಣ್ಣು ತೇಲಿಸಿದಾಗ, ಮಗು ಬದುಕಿ ದೊಡ್ಡವಳಾದರೆ ಅವಳ ತೂಕದ ಬೆಲ್ಲ ತೂಗಿಸುತ್ತೇನೆಂದು ಊರ ವೆಂಕಟರಮಣಸ್ವಾಮಿಗೆ ಹೇಳಿಕೊಂಡಿದ್ದಳು. ಗಂಗಿ ದೊಡ್ಡವಳಾದ ವರ್ಷ ಆಲೆಮನೆಯಲ್ಲಿ ಅವಳನ್ನು ಕೂರಿಸಿ ತೂಗಿ, ಸರಿಯಾಗಿ ಅಷ್ಟು ಬೆಲ್ಲ ಅಚ್ಚು ಹಾಕಿಸಿ, ಅರಿಸಿನದ ಬಟ್ಟೆ ಸುತ್ತಿ ಮುಡಿಪಾಗಿ ಇಟ್ಟಿದ್ದರು. ಅಷ್ಟರಲ್ಲಿ ಅಪ್ಪಯ್ಯಣ್ಣನ ದೊಡ್ಡಪ್ಪ ತೀರಿಕೊಂಡದ್ದರಿಂದ, ವರ್ಷ ತುಂಬಲೆಂದು ತುಲಾಭಾರವನ್ನು ಬರುವ ಮಾಘಕ್ಕೆ ಮುಂದೂಡಿದ್ದರು. ಮಳೆಗಾಲದಲ್ಲಿ ಬೆವರಿ ಕರಗದಂತೆ ಬೆಲ್ಲವನ್ನು ಒಲೆಯ ಹೊಗೆ ತಾಗುವ ಕಡೆ ಜೋಡಿಸಿದ್ದವಳು ಲಕ್ಷ್ಮೀದೇವಮ್ಮನೇ.

"ಆ ಬೆಲ್ಲ ಮುಡಿಪು" ಎಂದಳು ಪಿಳ್ಳಮ್ಮ. "ಆ ತೂಕಾನೂ ಮುಡಿಪೇ. ಇಷ್ಟು ಅಂತ ದೇವ್ರಿಗೆ ಹೇಳಾಗೈತೆ. ದೇವ್ರ ಸೊತ್ತನ್ನ ಕರಗಿಸ್ತಾ ಇದ್ದೀಯಲ್ಲ ತಾಯಿ, ನಿಂಗೆ ಭಯ ಇಲ್ವಾ?"

"ಅಮ್ಮಾ, ಹರಕೆ ಅವಳ ತೂಕದ್ದು. ಅವತ್ತು ಎಷ್ಟು ತೂಗ್ತಾಳೋ ಅಷ್ಟು…"

"ನಂಗ್ ಲೆಕ್ಕ ಹೇಳ್ಕೊಡ್ಬೇಡ." ಮುದುಕಿಯ ದನಿ ಏರಲಿಲ್ಲ. "ನನ್ ಮಗಳು ಬೇಡ್ಕೊಂಡಿದ್ದು ಮಗೂನ ಉಳ್ಸು ಅಂತ, ಸವೆಸು ಅಂತ ಅಲ್ಲ. ಮಾಘದಲ್ಲಿ ಊರೇ ನೋಡ್ತದೆ. ಬೆಲ್ಲ ಮಿಕ್ರೆ ಅವತ್ತೇ ನನ್ ಮೊಮ್ಮಗಳನ್ನ ಕರ್ಕೊಂಡು ಹೋಗ್ತೀನಿ. ನೋಡಪ್ಪಾ ಅಪ್ಪಯ್ಯಣ್ಣ, ನೀನೂ ಕೇಳಿಸ್ಕೋ."

ಅಪ್ಪಯ್ಯಣ್ಣ ಕೇಳಿಸಿಕೊಂಡ. ಬಾಗಿಲ ಮರೆಯಲ್ಲಿ ಗಂಗಿಯೂ ಕೇಳಿಸಿಕೊಂಡಳು.

ಆಮೇಲಿನ ದಿನಗಳಲ್ಲಿ ಲಕ್ಷ್ಮೀದೇವಮ್ಮ ಒಲೆಯ ಮುಂದೆ ಕೂತು ಎಷ್ಟೋ ಸಲ ಯೋಚಿಸಿದಳು. ಕಷ್ಟದ ಕೆಲಸವೇನಲ್ಲ. ಮಂಕರಿ ಇಳಿಸಿ, ಮಾಘದವರೆಗೆ ದಿನಾ ಕಜ್ಜಾಯ ಕರಿದು, ಹಾಲಿಗೆ ಬೆಲ್ಲ ಹಾಕಿ ಕೊಟ್ಟರೆ ಕಳೆದದ್ದರಲ್ಲಿ ಮುಕ್ಕಾಲು ಪಾಲು ತಿರುಗಿ ಬರುತ್ತದೆ. ಊರು ಬಾಯಿ ಮುಚ್ಚುತ್ತದೆ, ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಒಂದು ಸಂಜೆ ಬಾಣಲೆ ತೆಗೆದು ಒಲೆಯ ಮೇಲೂ ಇಟ್ಟಳು. ಎಣ್ಣೆ ಕಾಯುತ್ತಿರುವಾಗ ಹಿತ್ತಿಲಿನಿಂದ ಗಂಗಿ ತುಂಬಿದ ಬಿಂದಿಗೆ ಹೊತ್ತು ಒಳಗೆ ಬಂದಳು. ಅದನ್ನು ಇಳಿಸಿ, ಏದುಸಿರಿಲ್ಲದೆ, ಇನ್ನೊಂದು ತರಲು ಹೋದಳು. ಲಕ್ಷ್ಮೀದೇವಮ್ಮ ಬಾಣಲೆ ಇಳಿಸಿ ಎಣ್ಣೆಯನ್ನು ಮತ್ತೆ ಗಡಿಗೆಗೆ ಸುರಿದಳು.

ಪುಷ್ಯ ಕಳೆಯುತ್ತ ಬಂತು. ಎಮ್ಮೆಯ ಹಾಲು ಗಟ್ಟಿಯಾಗಿದೆಯೆಂದು ಅಪ್ಪಯ್ಯಣ್ಣ ಎರಡು ಮೂರು ಸಲ ಹೊಗಳಿದ. ಅದೇ ವಾರ ಲಕ್ಷ್ಮೀದೇವಮ್ಮ ಎಮ್ಮೆಗೆ ಕಲಗಚ್ಚು ಬಗ್ಗಿಸುವಾಗ, ಅಕ್ಕಿ ತೊಳೆದ ನೀರು, ಸಿಪ್ಪೆ ಎಲ್ಲ ಹರಿದುಹೋದ ಮೇಲೆ ಬಾನಿಯ ತಳದಲ್ಲಿ ಏನೋ ಕಪ್ಪಗೆ ಕೂತಿತ್ತು. ಕೈ ಹಾಕಿ ಎತ್ತಿದಳು. ಅರ್ಧ ಮುದ್ದೆ. ಮುರಿದ ಬೆರಳಿನ ಗುರುತು ಇನ್ನೂ ಅದರ ಮೇಲಿತ್ತು.

ಗಂಗಿ ಒಪ್ಪಿಕೊಳ್ಳಲು ತಡಮಾಡಲಿಲ್ಲ.

"ಹೂಂ, ನಾನೇ ಹಾಕಿದ್ದು. ರಾತ್ರಿದು ತಿನ್ನಲ್ಲ ನಾನು. ಕಮ್ಮಿ ತಿನ್ನು ಅಂದಿದ್ದು ನೀನೇ ತಾನೆ?"

"ಬೆಣ್ಣೆ ಬಿಡು ಅಂದೆ, ಹಿಟ್ಟು ಬಿಡು ಅಂದ್ನಾ? ಡಾಕ್ಟ್ರಮ್ಮ ಏನ್ ಹೇಳಿದ್ರು? ಹಸ್ಕೊಂಡು ಇಳಿದ್ರೆ ರಕ್ತ ಒಣಗ್ತದೆ ಅನ್ಲಿಲ್ವಾ?"

"ಹಿಂಗೇ ನಡ್ಕೊಂಡಿದ್ರೆ ಮಾಘದೊಳಗೆ ಎಷ್ಟ್ ಇಳೀತದೆ? ಅವತ್ತು ಎಲ್ರ ಮುಂದೆ ನನ್ ಕಡೆ ತಕ್ಕಡಿ ಮೇಲಕ್ ಏಳ್ಬೇಕು. ರಾಶಿ ಬೆಲ್ಲ ಮಿಗಬೇಕು. ಕಣಜ ಅಂದೋರೆಲ್ಲ ನೋಡ್ಬೇಕು."

"ಬೆಲ್ಲ ಮಿಕ್ರೆ ಅಜ್ಜಿ ಏನಂದ್ರು, ನೀನೂ ಕೇಳಿಸ್ಕೊಂಡಿದ್ದೀಯ."

ಗಂಗಿ ಅವಳನ್ನೇ ನೋಡಿದಳು. "ಹಂಗಾದ್ರೆ ನಿಂಗೆ ನಿನ್ ಹೆಸರಿನ ಚಿಂತೆ" ಎಂದಳು.

ಆ ಮಾತು ಪೂರ್ತಿ ಸುಳ್ಳಲ್ಲವಾದ್ದರಿಂದ ಲಕ್ಷ್ಮೀದೇವಮ್ಮನಿಗೆ ಇನ್ನೂ ನೋವಾಯಿತು. ಆದರೂ ಅಂದಿನಿಂದ ಗಂಗಿಯ ಎದುರಿಗೇ ಕೂತು ಕೊನೆಯ ತುತ್ತಿನವರೆಗೂ ತಿನ್ನಿಸಿದಳು. ಗಂಗಿ ತಿಂದಳು, ಮಾತು ಬಿಟ್ಟಳು. ಕೆರೆ ಏರಿಯ ಮೇಲೆ ಮಂಕರಿ ಹೊತ್ತು ಹತ್ತು ಮಾರು ಮುಂದೆ ನಡೆಯುತ್ತಿದ್ದಳು. ಹಿಂದೆ ಮಜ್ಜಿಗೆಯ ಮಡಕೆ ಹಿಡಿದು ಬರುತ್ತಿದ್ದ ಲಕ್ಷ್ಮೀದೇವಮ್ಮನಿಗೆ ಅವಳ ಹಗುರವಾದ ನಡಿಗೆ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ಹರಕೆಯ ಹಿಂದಿನ ದಿನ ಗಂಗಿ, ದೇವರ ಕಾರ್ಯಕ್ಕೆ ಉಪವಾಸವಿರುತ್ತೇನೆಂದು ಅಪ್ಪನ ಎದುರಿಗೇ ಹೇಳಿದಳು. ಅಪ್ಪಯ್ಯಣ್ಣನಿಗೆ ಮಗಳ ಭಕ್ತಿ ಕಂಡು ಸಂತೋಷವಾಯಿತು. ಹರಕೆಯ ಉಪವಾಸವನ್ನು ಬೇಡವೆನ್ನುವ ಬಾಯಿ ಯಾರಿಗೂ ಇರಲಿಲ್ಲ, ಲಕ್ಷ್ಮೀದೇವಮ್ಮನಿಗಂತೂ ಇರಲೇ ಇಲ್ಲ. ಒಂದು ಲೋಟ ಮಜ್ಜಿಗೆ ಹಿಡಿದು ಜಗುಲಿಯಲ್ಲಿ ನಿಂತಳು. ಗಂಗಿ ಮುಖ ತಿರುಗಿಸಿದಳು.

ಬೆಲ್ಲದ ಮಂಡಿಯ ಬೈರಣ್ಣ ದೊಡ್ಡ ತಕ್ಕಡಿ ತಂದು ಗುಡಿಯ ಮುಂದಿನ ಮಂಟಪದ ತೊಲೆಗೆ ಕಟ್ಟಿದ. ಒಂದು ತಟ್ಟೆಗೆ ಮಡಿ ಬಟ್ಟೆ ಹಾಸಿ, ತೆಂಗಿನಕಾಯಿ ಕೊಟ್ಟು ಗಂಗಿಯನ್ನು ಕೂರಿಸಿದರು. ಇನ್ನೊಂದಕ್ಕೆ ಬೆಲ್ಲದ ಅಚ್ಚು ಒಂದೊಂದಾಗಿ ಬಿದ್ದವು. ಊರಿಗೆ ಊರೇ ನೆರೆದಿತ್ತು. ಲಡಾಯಿಯ ಕಾಲದಲ್ಲಿ ಅಷ್ಟು ಬೆಲ್ಲ ಒಟ್ಟಿಗೆ ನೋಡುವುದೇ ಒಂದು ಸಂಭ್ರಮ. ಪಿಳ್ಳಮ್ಮ ಮಂಟಪದ ಕಂಬ ಹಿಡಿದು ನಿಂತಿದ್ದಳು. ಲಕ್ಷ್ಮೀದೇವಮ್ಮ ಹೆಂಗಸರ ಹಿಂದೆ ನಿಂತಿದ್ದಳು. ಅವಳ ಎರಡು ಪಕ್ಕದಲ್ಲೂ ಸ್ವಲ್ಪ ಜಾಗ ಬಿಟ್ಟಿದ್ದರು.

ತಕ್ಕಡಿ ಅಲುಗಾಡಿತು. ಗಂಗಿಯ ತಟ್ಟೆ ನೆಲ ಬಿಟ್ಟು ಎದ್ದಿತು.

"ಸಾಕು ಸಾಕು!" ಎಂದ ಬೈರಣ್ಣ. ಒಂದು ಅಚ್ಚು ತೆಗೆದ, ಮುಳ್ಳು ನೋಡಿದ. "ಸರಿ ನಿಂತೈತೆ ಸ್ವಾಮಿ."

ಪಕ್ಕದಲ್ಲಿ ಒಂದು ಮಂಕರಿ ತುಂಬ ಬೆಲ್ಲ ಹಾಗೇ ಉಳಿದಿತ್ತು.

ಹಿಂದಿನಿಂದ ಯಾವನೋ ಹುಡುಗ ಕೂಗಿದ: "ಕಣಜ ಖಾಲೀ ಕಣ್ರೋ!"

ಜನ ಗೊಳ್ಳೆಂದು ನಕ್ಕರು. ಗಂಗಿಯೂ ನಕ್ಕಳು, ತಿಂಗಳ ಮೇಲೆ ಅವಳ ಮುಖದಲ್ಲಿ ಕಂಡ ನಗು. ಹಾಗೇ ನಗುತ್ತಲೇ ತಟ್ಟೆಯಿಂದ ಇಳಿದು ಎರಡು ಹೆಜ್ಜೆ ಇಟ್ಟಳು. ಕೈಯಿಂದ ತೆಂಗಿನಕಾಯಿ ಜಾರಿತು. ಕಲ್ಲು ಹಾಸಿನ ಮೇಲೆ ಕುಸಿದುಬಿದ್ದಳು.

ನೀರು ತಂದರು, ಗಾಳಿ ಬೀಸಿದರು. ಕಣ್ಣು ಬಿಟ್ಟಾಗ ಅವಳ ತಲೆ ಪಿಳ್ಳಮ್ಮನ ತೊಡೆಯ ಮೇಲಿತ್ತು. ತುಟಿ ಬೆಳ್ಳಗಾಗಿತ್ತು. ಪಿಳ್ಳಮ್ಮ ಆ ಮಂಕರಿಯ ಕಡೆ ಕೈ ತೋರಿಸಿದಳು.

"ನೋಡ್ರವ್ವಾ, ಎಲ್ರೂ ನೋಡ್ರವ್ವಾ. ಅದು ಬೆಲ್ಲ ಅಲ್ಲ. ನನ್ ಮೊಮ್ಮಗಳ ಮೈ ಅದು. ಆ ಮನೇಲಿ ಕಿತ್ಕೊಂಡಿದ್ದು."

ಎಲ್ಲರೂ ಹಿಂತಿರುಗಿ ನೋಡಿದರು. ಲಕ್ಷ್ಮೀದೇವಮ್ಮನ ಬಾಯಿಗೆ ಮಾತು ಬಂದಿತ್ತು: ಕಲಗಚ್ಚಿನ ಬಾನಿ, ಅರ್ಧ ಮುದ್ದೆ, ಹಿಂದಿನ ದಿನದ ಉಪವಾಸ. ಅಷ್ಟು ಹೇಳಿದರೆ ಸಾಕು, ತನ್ನ ಮೇಲಿನ ಮಾತು ಇಳಿಯುತ್ತಿತ್ತು. ಆಗ ಮಲಗಿದಲ್ಲಿಂದಲೇ ಗಂಗಿ ಅವಳ ಕಡೆ ನೋಡಿದಳು. ಇಷ್ಟು ಜನರ ಮುಂದೆ ಬೇಡ ಎಂದು ಆ ಕಣ್ಣು ಬೇಡುತ್ತಿತ್ತು. ಈಗತಾನೆ ಕಳೆದುಕೊಂಡ ಹೆಸರಿನ ಬದಲು ಊರು ಅವಳಿಗೆ ಇನ್ನೊಂದು ಹೆಸರಿಡುತ್ತದೆ, ಅನ್ನ ಎಮ್ಮೆಗೆ ಹಾಕಿದವಳು ಎಂದು. ಲಕ್ಷ್ಮೀದೇವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡಿದಳು. ಊರು ಅದನ್ನು ಒಪ್ಪಿಗೆಯೆಂದೇ ತಿಳಿಯಿತು.

"ಸ್ವಲ್ಪ ದಿನ ಅಲ್ಲಿದ್ದು ಬರ್ಲಿ ಬಿಡು" ಎಂದ ಅಪ್ಪಯ್ಯಣ್ಣ, ಯಾರ ಮುಖವನ್ನೂ ನೋಡದೆ.

ದೇವರ ಬಾಗಿಲಿಗೆ ಬಂದ ಬೆಲ್ಲ ಹಿಂತಿರುಗಿ ಮನೆಗೆ ಹೋಗಬಾರದೆಂದು ಅರ್ಚಕರು ಹೇಳಿದರು. ಮಿಕ್ಕದ್ದನ್ನು ಒಡೆದು ಅಲ್ಲೇ ಹಂಚಿದರು. ಮಕ್ಕಳು, ದೊಡ್ಡವರು, ದ್ಯಾವಮ್ಮ, ಎಲ್ಲರೂ ಕೈಯೊಡ್ಡಿದರು. ಒಳ್ಳೆಯ ಬೆಲ್ಲ, ವರ್ಷವಾದರೂ ಬಣ್ಣ ಕೆಟ್ಟಿಲ್ಲವೆಂದು ಚಪ್ಪರಿಸಿದರು. ಲಕ್ಷ್ಮೀದೇವಮ್ಮನ ಕೈಗೂ ಒಂದು ಚೂರು ಬಂತು. ತಿನ್ನಲಾರದೆ, ಪ್ರಸಾದವೆಂದು ಬಿಸಾಡಲೂ ಆಗದೆ ಹಿಡಿದುಕೊಂಡೇ ನಿಂತಳು.

ಗಾಡಿ ಕಟ್ಟಿದರು. ಗಂಗಿಯನ್ನು ಹುಲ್ಲಿನ ಮೇಲೆ ಮಲಗಿಸಿದರು. ಪಿಳ್ಳಮ್ಮ ಹತ್ತಿ ಕೂತಳು. ಹೋಗಲಿ, ಮಾತಾಡಬಾರದು ಎಂದೇ ಲಕ್ಷ್ಮೀದೇವಮ್ಮ ಅಂದುಕೊಂಡಿದ್ದಳು. ಆದರೆ ಮುಂದಿನದೆಲ್ಲ ಅವಳ ಕಣ್ಣಿಗೆ ಕಟ್ಟಿದಂತಿತ್ತು. ಆ ಮನೆಯಲ್ಲಿ ಮುದುಕಿ ರಾಶಿ ರಾಶಿ ಬಡಿಸುತ್ತಾಳೆ. ಹುಡುಗಿ ತಲೆ ಬಗ್ಗಿಸಿ ಕೂತು, ಮುದುಕಿ ಅತ್ತ ತಿರುಗಿದಾಗ ಎದ್ದುಹೋಗುತ್ತಾಳೆ. ಅಲ್ಲಿಯೂ ಎಮ್ಮೆಗಳಿವೆ. ಆ ಬಾನಿಯ ತಳಕ್ಕೆ ಕೈ ಹಾಕಿ ನೋಡುವವರಿಲ್ಲ. ಅವಳ ಬಿಳಿಚಿದ ತುಟಿ ಇನ್ನೂ ಕಣ್ಣ ಮುಂದಿತ್ತು. ತನ್ನ ಹೆಸರಿಗಾಗಿ ಹೇಳಬಾರದಾಗಿದ್ದ ಮಾತನ್ನು ಈಗ ಹೇಳದೆ ದಾರಿಯಿರಲಿಲ್ಲ.

ಜನ ಬೆಲ್ಲದ ಸುತ್ತ ಇದ್ದರು. ಅವಳು ಗಾಡಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು: "ಅಮ್ಮಾ, ನನ್ನನ್ನ ಏನಾದ್ರೂ ಅಂದ್ಕೊಳಿ. ಅವಳು ಊಟಾನ ಕಲಗಚ್ಚಿಗೆ ಹಾಕ್ತಾಳೆ. ಪುಷ್ಯದಿಂದ. ನಿನ್ನೆಯಿಂದ ಒಂದ್ ತೊಟ್ಟು ಮಜ್ಜಿಗೇನೂ ಕುಡ್ದಿಲ್ಲ. ಕಣ್ಣಿಟ್ಟಿರಿ."

"ಥೂ!" ಪಿಳ್ಳಮ್ಮನ ಮುಖ ಕೆಂಪಾಯಿತು. "ಕೊನೆಗೆ ಮಗು ಮೇಲೇ ಹೊರಿಸ್ತೀಯಾ?"

ಹುಲ್ಲಿನ ಮೇಲಿಂದ ಗಂಗಿ ಎದ್ದು ಕೂತಳು.

"ನಿಜ ಅಜ್ಜಿ."

"ಏನೇ ನಿಜ?"

"ನಾನೇ ಹಾಕಿದ್ದು. ಚಿಕ್ಕಮ್ಮಂಗೆ ಗೊತ್ತಾಗಿ ಬೈದ್ರು, ಎದುರಿಗೆ ಕೂತು ತಿನ್ನಿಸಿದ್ರು. ನಿನ್ನೇದು ನಾನೇ ಬೇಡ ಅಂದಿದ್ದು." ಆಮೇಲೆ ಲಕ್ಷ್ಮೀದೇವಮ್ಮನ ಕಡೆ ತಿರುಗಿದಳು. ಕಣ್ಣಲ್ಲಿ ನೀರು ತುಂಬಿತ್ತು, ಸಿಟ್ಟೂ ಇತ್ತು. "ನೀನು ಹೇಳ್ಬಾರ್ದಿತ್ತು."

"ಹೂಂ" ಎಂದಳು ಲಕ್ಷ್ಮೀದೇವಮ್ಮ.

ಪಿಳ್ಳಮ್ಮ ಮೊಮ್ಮಗಳ ಮುಖ ನೋಡಿದಳು, ಲಕ್ಷ್ಮೀದೇವಮ್ಮನ ಮುಖ ನೋಡಿದಳು. ಎತ್ತುಗಳು ಕತ್ತು ಕೊಡವಿ ಗೆಜ್ಜೆ ಅಲುಗಿಸಿದವು. ಇಳಿಸುತ್ತಾಳೆಯೇ ಎಂದು ಲಕ್ಷ್ಮೀದೇವಮ್ಮನ ಮನಸ್ಸು ಒಂದು ಗಳಿಗೆ ಆಸೆಪಟ್ಟಿತು. ಆದರೆ ಊರ ಮುಂದೆ ಆಡಿದ ಮಾತು ಆಡಿಯಾಗಿತ್ತು. ಗಾಡಿ ಹತ್ತಿಸಿದ ಮೊಮ್ಮಗಳನ್ನು ಇಳಿಸುವುದು ಮುದುಕಿಗೆ ಆಗುವಂತಿರಲಿಲ್ಲ. ಗಂಗಿಯೂ ಇಳಿಯುತ್ತೇನೆ ಎನ್ನಲಿಲ್ಲ.

ಕೊನೆಗೆ ಪಿಳ್ಳಮ್ಮ ಗಾಡಿಯ ಅಂಚಿಗೆ ಸರಿದು, ದನಿ ತಗ್ಗಿಸಿ ಕೇಳಿದಳು: "ಹೊತ್ತಿಗೆ ಎಷ್ಟು ಇಕ್ತಿದ್ದೆ?"

ಲಕ್ಷ್ಮೀದೇವಮ್ಮನಿಗೆ ಮೊದಲು ತಿಳಿಯಲಿಲ್ಲ.

"ಮುದ್ದೆ ಕಣೇ. ಎಷ್ಟು ಗಾತ್ರ?"

ಲಕ್ಷ್ಮೀದೇವಮ್ಮ ಎರಡು ಕೈ ಬೊಗಸೆ ಮಾಡಿ ತೋರಿಸಿದಳು. ಮುದುಕಿಯೂ ತನ್ನ ಕೈ ಬೊಗಸೆ ಮಾಡಿದಳು. ಅದು ದೊಡ್ಡದಿತ್ತು, ಬೆರಳುಗಳ ನಡುವೆ ಅಗಲವಾದ ಸಂದುಗಳಿದ್ದವು. ಲಕ್ಷ್ಮೀದೇವಮ್ಮ ಬೆಲ್ಲದ ಅಂಟು ಕೈಯಿಂದಲೇ ಆ ಕೈಗಳನ್ನು ಹಿಡಿದು, ಎರಡೂ ಕಡೆಯಿಂದ ಒತ್ತಿ, ಒಳಕ್ಕೆ ತಂದಳು.

"ಇಷ್ಟು."

"ಇಷ್ಟೇನಾ?"

"ಇಷ್ಟು. ಆದ್ರೆ ಪೂರ್ತಿ ತಿನ್ಬೇಕು. ಸೊಪ್ಪು, ಕಾಳು ಎಷ್ಟಾದ್ರೂ ಹಾಕಿ. ತಿನ್ನೋವರ್ಗೂ ಎದುರಿಗೆ ಕೂತ್ಕೊಳಿ. ಮಾತಾಡಲ್ಲ, ಸಿಟ್ ಮಾಡ್ಕೋತಾಳೆ. ಆದ್ರೂ ಕೂತ್ಕೊಳಿ."

ಪಿಳ್ಳಮ್ಮ ತಲೆಯಾಡಿಸಿದಳು. ಗಾಡಿಯವನು ಎತ್ತಿನ ಬಾಲ ತಿರುವಿದ. ಗಾಡಿ ಹೊರಟಿತು. ಮುದುಕಿ ಆ ಬೊಗಸೆಯನ್ನು ಸಡಿಲಿಸದೆ, ಮರೆತುಹೋದೀತೆಂಬಂತೆ ಅದನ್ನೇ ನೋಡುತ್ತ ಕೂತಿದ್ದಳು. ಗಂಗಿ ಮೊಣಕಾಲಿನ ಮೇಲೆ ಗಲ್ಲವಿಟ್ಟು ದಾರಿಯ ಇನ್ನೊಂದು ಪಕ್ಕಕ್ಕೆ ಮುಖ ಮಾಡಿದ್ದಳು.

ಗುಡಿಯ ಮುಂದೆ ಜನ ಕರಗುತ್ತಿದ್ದರು. ಬೈರಣ್ಣ ತಕ್ಕಡಿ ಬಿಚ್ಚುತ್ತಿದ್ದ. ಅಪ್ಪಯ್ಯಣ್ಣ ಖಾಲಿ ಮಂಕರಿ ಹೆಗಲಿಗೆ ಹಾಕಿಕೊಂಡು, "ಬತ್ತೀಯಾ?" ಎಂದ.

"ನೀವ್ ನಡೀರಿ, ಬರ್ತೀನಿ" ಎಂದಳು ಲಕ್ಷ್ಮೀದೇವಮ್ಮ. ಗಾಡಿ ಎಬ್ಬಿಸಿದ ದೂಳು ಅಡಗುವವರೆಗೂ ಅಲ್ಲೇ ನಿಂತಿದ್ದಳು.